ಹೋಗುವಾಗ ನೆಂಟ, ಮರಳುವಾಗ ವೈರಿ: ವಿಮಾನವಾಹಕ ನೌಕೆಯ ರಾತ್ರಿ ದಾಳಿ

(ಕಾರವಾರದಲ್ಲಿ ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಯಲ್ಲಿ ಉಳಿಸಿಕೊಂಡಿದ್ದೇನೆ.)

ಕಾರವಾರದವರಿಗೆ ವಿಮಾನವಾಹಕ ನೌಕೆ ಎಂದರೇನು ಎಂದು ಹೇಳಿಕೊಡಲು ಹೊರಟರೆ ಅದು ಅಧಿಕಪ್ರಸಂಗವಾದೀತು. ವಿಕ್ರಮಾದಿತ್ಯದ ನೆಲೆ ನಿಮ್ಮ ಮಗ್ಗುಲಲ್ಲೇ ಇದೆ. ಆ ನೆಲೆಗಾಗಿ ಮನೆ, ಗದ್ದೆ, ಕಡಲಂಚು ಬಿಟ್ಟು ಎದ್ದುಹೋದ ಕುಟುಂಬಗಳವರೂ ಈ ಸಭೆಯಲ್ಲಿದ್ದೀರಿ. ಆದ್ದರಿಂದ ನೌಕೆಯ ಉದ್ದಗಲ, ತೂಕ, ಅಂತಸ್ತುಗಳ ವರ್ಣನೆಗೆ ನಾನು ಹೋಗುವುದಿಲ್ಲ. ಇಂದು ಎತ್ತಿಕೊಂಡಿರುವುದು ಒಂದೇ ಪ್ರಶ್ನೆ. ಸಮುದ್ರದ ನಡುವೆ ಅಲೆಗಳ ಮೇಲೆ ಓಲಾಡುವ ಒಂದು ತುಂಡು ಉಕ್ಕಿನ ಅಂಗಳದಿಂದ ಕಗ್ಗತ್ತಲಲ್ಲಿ ವಿಮಾನ ಹಾರಿಸಿ, ಶತ್ರುವಿನ ಬಂದರಿನ ಮೇಲೆ ದಾಳಿ ಮಾಡಿಸಿ, ಅದೇ ಕತ್ತಲಲ್ಲಿ ಮರಳಿ ಆ ಅಂಗಳದ ಮೇಲೆ ಇಳಿಸಿಕೊಳ್ಳುವ ಉಸಾಬರಿ ಯಾರಿಗೆ ಬೇಕು, ಯಾಕೆ ಬೇಕು?

ಕತ್ತಲಲ್ಲಿ ಹೋದರೆ ವೈರಿಗೆ ಕಾಣುವುದಿಲ್ಲ ಎಂಬ ಉತ್ತರ ಎಲ್ಲರಿಗೂ ಹೊಳೆಯುತ್ತದೆ. ಅದು ಸರಿಯೇ, ಆದರೆ ಅರ್ಧ ಮಾತ್ರ. ಉಳಿದರ್ಧ ಇರುವುದು ನೌಕೆಯ ಕಡೆಗೆ. ನೆಲದ ಮೇಲಿನ ವಿಮಾನ ನಿಲ್ದಾಣಕ್ಕೆ ಬಾಂಬು ಬಿದ್ದರೆ ಹೊಂಡ ಬೀಳುತ್ತದೆ; ಅದನ್ನು ಮಣ್ಣು ಹಾಕಿ ಮುಚ್ಚಬಹುದು. ನೌಕೆಗೆ ಬಿದ್ದರೆ ನಿಲ್ದಾಣವೇ ಮುಳುಗುತ್ತದೆ, ಜೊತೆಗೆ ಅದರೊಳಗಿನ ಸಾವಿರಾರು ಜನ, ಇಂಧನ, ಮದ್ದುಗುಂಡು ಎಲ್ಲವೂ. ದಾಳಿ ಮಾಡಬೇಕಾದರೆ ಈ ನೌಕೆ ಶತ್ರುವಿನ ದಡಕ್ಕೆ ಸಮೀಪ ಹೋಗಲೇಬೇಕು, ಸಮೀಪ ಹೋದಷ್ಟೂ ದಡದ ಬಾಂಬರುಗಳ ಕೈಗೆ ಸಿಗುತ್ತದೆ. ಆದ್ದರಿಂದ ಹೊತ್ತು ಮುಳುಗುವಾಗ ಒಳಕ್ಕೆ ನುಗ್ಗಿ, ರಾತ್ರಿ ವಿಮಾನ ಬಿಟ್ಟು, ಅವು ಮರಳಿದ ಕೂಡಲೇ ಬುಡಕಿತ್ತು ಓಡಿ, ಬೆಳಕು ಹರಿಯುವುದರೊಳಗೆ ದೂರ ಸರಿದುಬಿಡಬೇಕು. 20 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 20 ನಾಟಿಕಲ್ ಮೈಲಿಯಂತೆ, ಹತ್ತು ಗಂಟೆ ಓಡಿದರೆ 200 ನಾಟಿಕಲ್ ಮೈಲಿ. ಚಳಿಗಾಲದ ಒಂದು ದೀರ್ಘ ರಾತ್ರಿ ಒಂದು ನೌಕೆಗೆ ಕೊಡುವ ಬಂಡವಾಳ ಅಷ್ಟು. ವಿಮಾನದ ಪೈಲಟ್ ಕತ್ತಲನ್ನು ಹೇಗೆ ನೋಡುತ್ತಾನೋ ಗೊತ್ತಿಲ್ಲ, ಆದರೆ ನೌಕೆಯ ಕ್ಯಾಪ್ಟನ್ ಮಾತ್ರ ಅದನ್ನು ಜಿಪುಣನ ಹಾಗೆ ಗಂಟೆ ಲೆಕ್ಕದಲ್ಲಿ ಎಣಿಸುತ್ತಾನೆ.

ಈ ಲೆಕ್ಕ ಅತ್ಯಂತ ಸ್ಪಷ್ಟವಾಗಿ ಕಾಣುವುದು 1940ರ ನವೆಂಬರ್ 11ರ ರಾತ್ರಿ, ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ವೈರಿಯಾಗಿದ್ದ ಇಟಲಿಯ ತರಾಂತೊ ಬಂದರಿನಲ್ಲಿ. ಹೆಚ್ಚು ಹೊತ್ತು ಅಲ್ಲೇ ನಿಲ್ಲುತ್ತೇನೆ. ಆಮೇಲೆ ಬಂದ ಎಲ್ಲ ರಾತ್ರಿ ದಾಳಿಗಳ ಕಷ್ಟಸುಖವೂ ಆ ಒಂದೇ ರಾತ್ರಿಯಲ್ಲಿ ಇತ್ತು ಎಂಬುದು ನನ್ನ ಅಭಿಪ್ರಾಯ.

ಇಟಲಿಯ ನಕಾಶೆಯನ್ನು ಬೂಟಿಗೆ ಹೋಲಿಸುವುದುಂಟಲ್ಲ, ಆ ಬೂಟಿನ ಹಿಮ್ಮಡಿಯ ಒಳಮಗ್ಗುಲಲ್ಲಿ ತರಾಂತೊ ಇದೆ. ಹೊರಗೆ ಮಾರ್ ಗ್ರಾಂದೆ ಎಂಬ ದೊಡ್ಡ ಬಂದರು, ಒಳಗೆ ಕಿರಿದಾದ ಕಾಲುವೆ ದಾಟಿದರೆ ಮಾರ್ ಪಿಕ್ಕೊಲೊ ಎಂಬ ಚಿಕ್ಕ ಬಂದರು. ಇಟಲಿಯ ಆರು ಬ್ಯಾಟಲ್‌ಶಿಪ್‌ಗಳು, ಅಂದರೆ ಭಾರೀ ತೋಪುಗಳ ದೊಡ್ಡ ಯುದ್ಧನೌಕೆಗಳು, ಆ ರಾತ್ರಿ ದೊಡ್ಡ ಬಂದರಿನಲ್ಲಿ ಲಂಗರು ಹಾಕಿದ್ದವು. ಅವು ಹೊರಗೆ ಬಂದು ಹೋರಾಡುವ ಅಗತ್ಯವೇ ಇರಲಿಲ್ಲ. ಅಲ್ಲಿ ಸುಮ್ಮನೆ ನಿಂತಿದ್ದರೂ ಮಾಲ್ಟಾಕ್ಕೆ, ಈಜಿಪ್ಟಿಗೆ ಸಾಗುವ ಪ್ರತಿಯೊಂದು ಬ್ರಿಟಿಷ್ ಹಡಗಿನ ಸಾಲಿಗೂ ಭಾರೀ ಕಾವಲು ಬೇಕಾಗುತ್ತಿತ್ತು.

ಬ್ರಿಟಿಷ್ ಮೆಡಿಟರೇನಿಯನ್ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಆಂಡ್ರ್ಯೂ ಕನ್ನಿಂಗ್‌ಹ್ಯಾಮ್. ಅವನ ಕೈಯಲ್ಲಿ ಇಲ್ಲಸ್ಟ್ರಿಯಸ್ ಎಂಬ ಹೊಚ್ಚ ಹೊಸ ವಿಮಾನವಾಹಕ ನೌಕೆ ಇತ್ತು, ಜೊತೆಗೆ ರಿಯರ್ ಅಡ್ಮಿರಲ್ ಲಿಸ್ಟರ್ ಇದ್ದ. ತರಾಂತೊ ಮೇಲೆ ರಾತ್ರಿ ದಾಳಿ ಮಾಡುವ ಯೋಜನೆ ಲಿಸ್ಟರನಿಗೆ ಹೊಸದಲ್ಲ. ಇಟಲಿ ಅಬಿಸೀನಿಯದ (ಇಂದಿನ ಇಥಿಯೋಪಿಯ) ಮೇಲೆ ಬಿದ್ದ 1935ರಲ್ಲೇ ಅದರ ಮೊದಲ ಕರಡು ಸಿದ್ಧವಾಗಿತ್ತು. 1938ರಲ್ಲಿ ಗ್ಲೋರಿಯಸ್ ಎಂಬ ನೌಕೆಯ ಕ್ಯಾಪ್ಟನ್ ಆಗಿದ್ದಾಗ ಲಿಸ್ಟರ್ ಅದನ್ನು ತಿದ್ದಿ, ತನ್ನ ಪೈಲಟ್‌ಗಳಿಗೆ ರಾತ್ರಿ ಹಾರಾಟದ ಅಭ್ಯಾಸ ಕೊಟ್ಟಿದ್ದ. ತರಾಂತೊ ದಾಳಿಯನ್ನು ಏಕಾಏಕಿ ಹೊಳೆದ ಸಾಹಸ ಎಂಬಂತೆ ಬಣ್ಣಿಸುವವರಿದ್ದಾರೆ. ವಾಸ್ತವದಲ್ಲಿ ಅದರ ಹಿಂದೆ ಐದು ವರ್ಷದ ಕಡತವಿತ್ತು, ಕಡತಕ್ಕಿಂತ ಮುಖ್ಯವಾಗಿ ಕತ್ತಲಲ್ಲಿ ಹಾರಿ ಇಳಿದು ಪಳಗಿದ ಕೈಗಳಿದ್ದವು.

ಇನ್ನು ವಿಮಾನ. ಅದರ ಹೆಸರು ಸ್ವೋರ್ಡ್‌ಫಿಶ್. ಒಂದರ ಮೇಲೊಂದು ಎರಡು ರೆಕ್ಕೆ, ಮೈಗೆ ಬಟ್ಟೆಯ ಹೊದಿಕೆ, ತಲೆಯ ಮೇಲೆ ಮುಚ್ಚಳವಿಲ್ಲದ ತೆರೆದ ಆಸನ. ಹೊಟ್ಟೆಯಡಿ ಸುಮಾರು 730 ಕಿಲೋ ತೂಕದ ಟಾರ್ಪಿಡೊ, ಅಂದರೆ ನೀರೊಳಗೆ ತಾನೇ ಓಡಿ ಹಡಗಿಗೆ ಬಡಿಯುವ ಸಿಡಿಗುಂಡು, ಕಟ್ಟಿಕೊಂಡರೆ 90 ನಾಟ್, ಅಂದರೆ ಗಂಟೆಗೆ ಸುಮಾರು 165 ಕಿಲೋಮೀಟರ್ ವೇಗದಲ್ಲಿ ತೆವಳುತ್ತದೆ. ಇಂದು ನಮ್ಮ ಅತಿ ವೇಗದ ರೈಲುಗಳು ಹೆಚ್ಚುಕಡಿಮೆ ಅದರ ಸಮಕ್ಕೆ ಓಡುತ್ತವೆ. ಹಗಲಿನಲ್ಲಿ ಇದನ್ನು ತರಾಂತೊ ಮೇಲೆ ಕಳುಹಿಸಿದ್ದರೆ ಒಂದೂ ಮರಳುತ್ತಿರಲಿಲ್ಲ. ರಾತ್ರಿಯ ಕಥೆ ಬೇರೆ. ಕತ್ತಲಲ್ಲಿ ವೇಗಕ್ಕೆ ಬೆಲೆ ಕಡಿಮೆ, ಸ್ಥಿರತೆಗೆ ಬೆಲೆ ಹೆಚ್ಚು. ಸ್ವೋರ್ಡ್‌ಫಿಶ್ ನಿಧಾನವಾಗಿ, ನೀರಿಗೆ ಮುತ್ತಿಡುವಷ್ಟು ಕೆಳಗೆ, ಅಲುಗಾಡದೆ ಹಾರುತ್ತಿತ್ತು. ಡೆಕ್ ಮೇಲೆ ಇಳಿಯುವಾಗಲೂ ಪೈಲಟ್‌ನ ಮಾತು ಕೇಳುತ್ತಿತ್ತು. ಹಗಲಿನಲ್ಲಿ ಹಳೆಯ ಸಾಮಾನಾಗಿದ್ದ ವಿಮಾನಕ್ಕೆ ರಾತ್ರಿ ಇನ್ನೊಂದು ಜನ್ಮ ಸಿಕ್ಕಿತು.

ದಾಳಿಗೆ ಮೊದಲು ಗೊತ್ತುಮಾಡಿದ ದಿನ ಅಕ್ಟೋಬರ್ 21. ಬ್ರಿಟಿಷ್ ನೌಕಾಪಡೆಗೆ ಅದು ಟ್ರಫಾಲ್ಗರ್ ವಿಜಯದ ದಿನ, ಅವರಿಗೆ ಅಂಥ ತಿಥಿಗಳ ಮೇಲೆ ಮೋಹ. ಅಷ್ಟರಲ್ಲಿ ನೌಕೆಯ ಹ್ಯಾಂಗರಿನಲ್ಲಿ, ಅಂದರೆ ವಿಮಾನಗಳನ್ನಿಡುವ ಕೊಟ್ಟಿಗೆಯಲ್ಲಿ, ವಿಮಾನವೊಂದಕ್ಕೆ ಹೆಚ್ಚುವರಿ ಇಂಧನದ ಟ್ಯಾಂಕು ಜೋಡಿಸುವಾಗ ಬೆಂಕಿ ಹೊತ್ತಿಕೊಂಡು ದಿನ ಮುಂದೆ ಹೋಯಿತು. ಜೊತೆಗೆ ಬರಬೇಕಿದ್ದ ಈಗಲ್ ಎಂಬ ನೌಕೆಯ ಇಂಧನ ಕೊಳವೆಗಳು ಕೆಟ್ಟು ಅದು ಬಂದರಿನಲ್ಲೇ ಉಳಿಯಿತು. ಅದರ ಕೆಲವು ವಿಮಾನಗಳನ್ನು ಇಲ್ಲಸ್ಟ್ರಿಯಸ್‌ಗೆ ಸಾಗಿಸಿದರು. ದಾಳಿಯ ಹಿಂದಿನ ದಿನಗಳಲ್ಲಿ ಕಲಬೆರಕೆಯಾದ ಇಂಧನದಿಂದಾಗಿ ಮೂರು ವಿಮಾನಗಳು ಸಮುದ್ರ ಪಾಲಾದವು. ಅಂತೂ ಉಳಿದದ್ದು 21.

ಈಗ ಆ ರಾತ್ರಿಯ ಡೆಕ್ ಮೇಲೆ ನಿಂತು ನೋಡೋಣ. ಗ್ರೀಸಿನ ಕೆಫಲೋನಿಯ ದ್ವೀಪದ ಪಶ್ಚಿಮಕ್ಕೆ, ತರಾಂತೊದಿಂದ ಸುಮಾರು 170 ನಾಟಿಕಲ್ ಮೈಲಿ ದೂರದಲ್ಲಿ ಇಲ್ಲಸ್ಟ್ರಿಯಸ್ ಗಾಳಿಗೆ ಮುಖಮಾಡಿ ಓಡುತ್ತಿದೆ. ದೀಪಗಳಿಗೆಲ್ಲ ಮರೆ. ಕೆಳಗೆ ಕಾಯುವ ಪೈಲಟ್‌ಗಳ ಕಣ್ಣು ಕತ್ತಲಿಗೆ ಒಗ್ಗಿರಬೇಕು. ಮನುಷ್ಯನ ಕಣ್ಣು ಪೂರ್ತಿ ಒಗ್ಗಿಕೊಳ್ಳಲು ಅರ್ಧ ಗಂಟೆ ಬೇಕು, ಆಮೇಲೆ ಒಂದು ಪ್ರಖರ ದೀಪ ಒಂದು ಕ್ಷಣ ಬೆಳಗಿದರೂ ಅಷ್ಟೂ ನಷ್ಟ. ಡೆಕ್ ಮೇಲೆ ಹನ್ನೆರಡು ವಿಮಾನಗಳು ರೆಕ್ಕೆ ಮಡಚಿಕೊಂಡು ಒತ್ತೊತ್ತಾಗಿ ನಿಂತಿವೆ, ತಿರುಗುವ ಪ್ರೊಪೆಲರ್‌ಗಳ ನಡುವೆ ಸಿಬ್ಬಂದಿ ಬಗ್ಗಿಕೊಂಡು ಓಡಾಡುತ್ತಿದ್ದಾರೆ. ಸ್ವೋರ್ಡ್‌ಫಿಶ್‌ನಲ್ಲಿ ಕೂರುವವರು ಮೂವರು: ಪೈಲಟ್, ದಾರಿ ನೋಡುವ ಅಬ್ಸರ್ವರ್, ಮೆಷಿನ್‌ಗನ್ ಮತ್ತು ನಿಸ್ತಂತು ನೋಡಿಕೊಳ್ಳುವ ಗನ್ನರ್. ಅಷ್ಟು ದೂರ ಹೋಗಿ ಬರಲು ಇಂಧನ ಸಾಲದು. ಆದ್ದರಿಂದ ಗನ್ನರುಗಳನ್ನು ಇಳಿಸಲಾಯಿತು. ಟಾರ್ಪಿಡೊ ಹೊತ್ತ ವಿಮಾನಗಳಲ್ಲಿ ನಡುವಿನ ಆಸನದಲ್ಲಿ ಇಂಧನದ ಟ್ಯಾಂಕು ಕೂತಿತು. ಅಬ್ಸರ್ವರ್ ಅದರ ಹಿಂದೆ, ನಕಾಶೆಯ ಹಲಗೆ ತೊಡೆಯ ಮೇಲಿಟ್ಟುಕೊಂಡು, ತುಂಬಿದ ಪೆಟ್ರೋಲಿನ ಡಬ್ಬಿಗೆ ಮುಖಕೊಟ್ಟು ಶತ್ರುವಿನ ತೋಪುಗಳ ಕಡೆಗೆ ಪ್ರಯಾಣ ಮಾಡಬೇಕು.

ಮೊದಲ ತಂಡ ರಾತ್ರಿ 8:40ರ ಹೊತ್ತಿಗೆ ಹಾರಿತು. ನಾಯಕ ಲೆಫ್ಟಿನೆಂಟ್ ಕಮಾಂಡರ್ ಕೆನೆತ್ ವಿಲಿಯಮ್ಸನ್. ಹನ್ನೆರಡರಲ್ಲಿ ಆರಕ್ಕೆ ಟಾರ್ಪಿಡೊ, ನಾಲ್ಕಕ್ಕೆ ಬಾಂಬು, ಎರಡಕ್ಕೆ ಬಾಂಬಿನ ಜೊತೆ ಫ್ಲೇರ್, ಅಂದರೆ ಪ್ಯಾರಾಚೂಟಿನಲ್ಲಿ ತೂಗಾಡುತ್ತ ಇಳಿಯುವ ಬೆಳಕಿನ ಗುಂಡು. ಒಂದು ಗಂಟೆಯ ನಂತರ ಹೇಲ್ ಎಂಬವನ ನಾಯಕತ್ವದಲ್ಲಿ ಎರಡನೆಯ ತಂಡ ಹೊರಡಬೇಕು. ಅದರಲ್ಲಿದ್ದ ಒಂಬತ್ತರಲ್ಲಿ ಎರಡು ಡೆಕ್ ಮೇಲೆಯೇ ಒಂದಕ್ಕೊಂದು ತಾಗಿದವು. ಒಂದು ಹಾರಿದ ಮೇಲೆ ಇಂಧನದ ಟ್ಯಾಂಕು ಕಳಚಿಬಿದ್ದು ಹಿಂದಿರುಗಿತು. ಇನ್ನೊಂದರ ಹರಿದ ಬಟ್ಟೆಗೆ ತೇಪೆ ಹಾಕಿದರು. ಉಳಿದವರು ಹೋಗಿ ಇಪ್ಪತ್ತು ನಿಮಿಷ ಕಳೆದ ಮೇಲೆ ಅದು ಒಂಟಿಯಾಗಿ ಹೊರಟಿತು. ವೈರಿಯ ಗುಂಡಿಗೂ ಮೊದಲು ರಾತ್ರಿ ಸ್ವಂತ ಡೆಕ್ ಮೇಲೆಯೇ ತನ್ನ ಸುಂಕ ವಸೂಲಿ ಮಾಡಿತ್ತು.

ಮೇಲೆ ಮೋಡ. ಮೋಡದೊಳಗೆ ಹೊಕ್ಕು ಹೊರಬರುವಷ್ಟರಲ್ಲಿ ವಿಲಿಯಮ್ಸನ್ನನ ತಂಡದ ನಾಲ್ಕು ವಿಮಾನಗಳು ತಪ್ಪಿಸಿಕೊಂಡಿದ್ದವು. ಹಾಗೆ ತಪ್ಪಿಸಿಕೊಂಡವುಗಳಲ್ಲಿ ಟಾರ್ಪಿಡೊ ಹೊತ್ತ ಒಂದು ವಿಮಾನ, ಕೆಳಗೆ ಸಮುದ್ರಮಟ್ಟದಲ್ಲೇ ಹಾರಿ, ಎಲ್ಲರಿಗಿಂತ ಕಾಲು ಗಂಟೆ ಮೊದಲೇ ತರಾಂತೊ ತಲುಪಿತು! ಪಾಪ, ಅದು ಮಾಡುವುದೇನು? ಬಂದರಿನ ಹೊರಗೆ ಗಿರಕಿ ಹೊಡೆಯುತ್ತ ಸ್ನೇಹಿತರಿಗಾಗಿ ಕಾಯಿತು. ತರಾಂತೊದಲ್ಲಿ ರೇಡಾರ್ ಇರಲಿಲ್ಲ, ಆದರೆ ದೂರದ ಎಂಜಿನ್ನಿನ ಸದ್ದು ಹಿಡಿಯುವ ಆಲಿಕೆಯ ಯಂತ್ರಗಳಿದ್ದವು. ಹೀಗಾಗಿ ವಿಲಿಯಮ್ಸನ್ ಬಂದಾಗ ತೋಪುಗಳು ಆಗಲೇ ಎದ್ದು ಕೂತಿದ್ದವು. ಅನಿರೀಕ್ಷಿತ ದಾಳಿ ಎಂದು ಇತಿಹಾಸ ಹೇಳುತ್ತದೆ. ಅನಿರೀಕ್ಷಿತವಾದದ್ದು ದಾಳಿಯ ಬಗೆ; ವಿಮಾನಗಳು ಬಂದ ಸುದ್ದಿ ಅವರಿಗೆ ತಿಳಿದಿತ್ತು.

ರಾತ್ರಿ 11ರ ಹೊತ್ತಿಗೆ ಬಂದರಿನ ಪೂರ್ವದ ಅಂಚಿನಲ್ಲಿ ಫ್ಲೇರ್‌ಗಳು ಸಾಲಾಗಿ ಬಿದ್ದವು. ಇಲ್ಲಿ ಒಂದು ಸೂಕ್ಷ್ಮವಿದೆ. ಬೆಳಕನ್ನು ಹಡಗುಗಳ ತಲೆಯ ಮೇಲೆ ಹಾಕಲಿಲ್ಲ, ಅವುಗಳ ಬೆನ್ನಿಗೆ ಹಾಕಿದರು. ಪಶ್ಚಿಮದಿಂದ ಕತ್ತಲ ಕಡೆಯಿಂದ ಬರುವ ಟಾರ್ಪಿಡೊ ವಿಮಾನಗಳಿಗೆ ಬ್ಯಾಟಲ್‌ಶಿಪ್‌ಗಳು ಬೆಳಕಿನ ಎದುರು ಕಪ್ಪು ಆಕೃತಿಗಳಾಗಿ ಕಾಣಬೇಕು, ತೋಪಿನವರ ಕಣ್ಣು ಮಾತ್ರ ಆ ಬೆಳಕಿಗೆ ಕೋರೈಸಬೇಕು. ಅದೇ ಹೊತ್ತಿಗೆ ಬಾಂಬಿನ ವಿಮಾನಗಳು ಒಳಬಂದರಿನ ಮೇಲೆ ಗದ್ದಲವೆಬ್ಬಿಸಿ ಗಮನ ಸೆಳೆದವು. ಬಾಂಬುಗಳಿಂದ ಆದ ಹಾನಿ ಅಲ್ಪ, ಕೆಲವು ಸಿಡಿಯಲೇ ಇಲ್ಲ. ಅವುಗಳ ಪಾತ್ರವೇ ಗಲಾಟೆ ಮಾಡುವುದಾಗಿತ್ತು.

ಟಾರ್ಪಿಡೊ ಎಸೆಯುವುದು ನಾಜೂಕಿನ ಕೆಲಸ. ತರಾಂತೊ ಬಂದರಿನ ಆಳ ಸುಮಾರು 12 ಮೀಟರ್. ವಿಮಾನದಿಂದ ಬಿದ್ದ ಟಾರ್ಪಿಡೊ ಸಾಮಾನ್ಯವಾಗಿ ಮೊದಲು ಆಳಕ್ಕೆ ಮುಳುಗಿ, ಆಮೇಲೆ ಮೇಲೆದ್ದು ಓಡುತ್ತದೆ. ಇಲ್ಲಿ ಹಾಗೆ ಮುಳುಗಿದರೆ ಕೆಸರಿಗೆ ನಾಟಿಕೊಂಡು ಮುಗಿಯಿತು. ಅದಕ್ಕೆ ಟಾರ್ಪಿಡೊದ ಮೂತಿಗೆ ಒಂದು ತಂತಿ ಕಟ್ಟಿ, ಅದರ ಸುರುಳಿಯನ್ನು ವಿಮಾನದ ಅಡಿಯಲ್ಲಿ ಇಟ್ಟಿದ್ದರು. ಬೀಳುವಾಗ ತಂತಿ ಮೂತಿಯನ್ನು ಎಳೆದು ಹಿಡಿಯುತ್ತದೆ, ಟಾರ್ಪಿಡೊ ತಲೆಕೆಳಗಾಗದೆ ಹೊಟ್ಟೆಯ ಮೇಲೆ ನೀರಿಗೆ ಬೀಳುತ್ತದೆ. ಪೈಲಟ್ ಆ ಕ್ಷಣದಲ್ಲಿ ನೀರಿನಿಂದ ಹತ್ತು ಮೀಟರ್ ಆಸುಪಾಸಿನ ಎತ್ತರದಲ್ಲಿ, ಬಾಗದೆ, ಏರದೆ, ಇಳಿಯದೆ, ನೇರ ಗೆರೆಯಂತೆ ಹಾರಬೇಕು. ಮತ್ತೂ ಒಂದು ಕಟ್ಟುಪಾಡಿದೆ. ನೀರಿನಲ್ಲಿ ಸುಮಾರು 275 ಮೀಟರ್ ಓಡಿದ ಮೇಲಷ್ಟೇ ಟಾರ್ಪಿಡೊದ ಸಿಡಿತಲೆ ಎಚ್ಚರಗೊಳ್ಳುತ್ತದೆ, ಆದ್ದರಿಂದ ತೀರ ಹತ್ತಿರ ಹೋಗಿ ಎಸೆಯುವಂತಿಲ್ಲ. ವಿಮಾನಗಳನ್ನು ತಡೆಯಲೆಂದು ಬಂದರಿನ ಮೇಲೆ ಹಾರಿಬಿಟ್ಟ ಬಲೂನುಗಳ ಉಕ್ಕಿನ ಹಗ್ಗಗಳು ಎಡಬಲಕ್ಕೆ ಕತ್ತಲಲ್ಲಿ ಕಾಣದಂತೆ ನಿಂತಿವೆ; ವಿಮಾನದ ರೆಕ್ಕೆ ಹದಿನಾಲ್ಕು ಮೀಟರ್ ಅಗಲ. ಹಿಂದಿನ ದಿನಗಳ ಬಿರುಗಾಳಿಗೆ ಬಹಳಷ್ಟು ಬಲೂನುಗಳು ಹಾರಿಹೋಗಿ 27 ಮಾತ್ರ ಉಳಿದಿದ್ದವು. ಹಡಗುಗಳ ಸುತ್ತ ನೀರಿನೊಳಗೆ ಇಳಿಬಿಡಬೇಕಾದ ಟಾರ್ಪಿಡೊ ಬಲೆಯೂ ಬೇಕಾದುದರಲ್ಲಿ ಮೂರನೆಯ ಒಂದು ಪಾಲಿನಷ್ಟೇ ಹಾಕಿತ್ತು, ಅದೂ ಹಡಗಿನ ತಳದವರೆಗೆ ಇಳಿದಿರಲಿಲ್ಲ. ಹಾಗೆಂದು ಅದೃಷ್ಟದ ಪಾಲನ್ನೇ ದೊಡ್ಡದು ಮಾಡಬೇಕಿಲ್ಲ. ಬಲೆಯ ಅಡಿಯಲ್ಲಿ ನುಸುಳುವಷ್ಟು ಆಳಕ್ಕೆ ಟಾರ್ಪಿಡೊಗಳನ್ನು ಮೊದಲೇ ಹೊಂದಿಸಲಾಗಿತ್ತು, ಹಡಗಿನ ತಳದಡಿ ಹಾದರೆ ಅದರ ಕಾಂತೀಯತೆಗೇ ಟಾರ್ಪಿಡೊವನ್ನು ಸಿಡಿಸುವ ಸಾಧನವನ್ನು ಅಳವಡಿಸಲಾಗಿತ್ತು.

ಎರಡೂ ತಂಡ ಸೇರಿ ಹನ್ನೊಂದು ಟಾರ್ಪಿಡೊ ಎಸೆದವು, ಐದು ತಾಗಿದವು. ಲಿತ್ತೋರಿಯೊ ಎಂಬ ಹೊಸ ಬ್ಯಾಟಲ್‌ಶಿಪ್‌ಗೆ ಮೂರು, ಕಾಯೊ ದುಯಿಲಿಯೊಗೆ ಒಂದು, ಕಾಂತೆ ದಿ ಕವೂರ್‌ಗೆ ಒಂದು. ಕವೂರ್ ತಳಕ್ಕೆ ಕುಸಿದು ಕೂತಿತು, ಮುಂದೆ ಯುದ್ಧಕ್ಕೆ ಮರಳಲೇ ಇಲ್ಲ. ಉಳಿದೆರಡು ದುರಸ್ತಿಗೆ ತಿಂಗಳುಗಟ್ಟಲೆ ಹೋದವು. ಬ್ರಿಟಿಷರು ಕಳೆದುಕೊಂಡದ್ದು ಎರಡು ವಿಮಾನ. ಕವೂರ್‌ಗೆ ಟಾರ್ಪಿಡೊ ಎಸೆದ ವಿಲಿಯಮ್ಸನ್ ನೀರಿಗೆ ಬಿದ್ದು ಬದುಕಿ, ತನ್ನ ಅಬ್ಸರ್ವರ್ ಜೊತೆ ಸೆರೆಯಾದ. ಇನ್ನೊಂದು ವಿಮಾನದ ಇಬ್ಬರೂ ಸತ್ತರು. ಹಡಗುಗಳಲ್ಲಿ ಸತ್ತ ಇಟಲಿಯ ನಾವಿಕರು ಅರುವತ್ತರ ಆಸುಪಾಸು. ನಿದ್ದೆಯಿಂದೆದ್ದು ಯುದ್ಧಕ್ಕೆ ಸಿಕ್ಕವರು. ಈ ಸಾಹಸದ ಕಥೆ ಹೇಳುವಾಗ ನಾವು ಆ ಸಾಲನ್ನು ಬೇಗ ಓದಿ ಮುಂದೆ ಹೋಗುತ್ತೇವೆ.

ಇಟಲಿಯವರು ಮರುದಿನವೇ ಅಳಿದುಳಿದ ಬ್ಯಾಟಲ್‌ಶಿಪ್‌ಗಳನ್ನು ನೇಪಲ್ಸ್ ಕಡೆಗೆ ಸಾಗಿಸಿದರು. ನನ್ನ ದೃಷ್ಟಿಯಲ್ಲಿ ಮುಳುಗಿದ ಹಡಗಿಗಿಂತ ಇದು ದೊಡ್ಡ ಪರಿಣಾಮ. ನೌಕಾಪಡೆಯನ್ನು ಎಲ್ಲಿ ಕಟ್ಟಿಹಾಕಬೇಕು ಎಂಬ ಪ್ರಶ್ನೆಗೆ ಆ ರಾತ್ರಿಯಿಂದ ಬೇರೆ ಉತ್ತರ ಹುಡುಕಬೇಕಾಯಿತು. ಕಾರವಾರವನ್ನು ನೆಲೆಯಾಗಿ ಆರಿಸಿಕೊಂಡ ಕಾರಣಗಳಲ್ಲಿ ಆಳವಾದ ನೀರು, ಸುತ್ತಲ ಗುಡ್ಡ, ಮುಂಬಯಿಯ ದಟ್ಟಣೆಯಿಂದ ಬಿಡುಗಡೆ ಇವುಗಳ ಜೊತೆಗೆ ಪಶ್ಚಿಮದ ನೆರೆಯ ವಿಮಾನಗಳಿಂದ ದೂರ ಎಂಬುದೂ ಸೇರಿದೆ. ಬಂದರಿನಲ್ಲಿ ನಿಂತ ಹಡಗು ಸುರಕ್ಷಿತ ಎಂಬ ಹಳೆಯ ನಂಬಿಕೆಗೆ ಪೆಟ್ಟು ಬಿದ್ದದ್ದು ತರಾಂತೊದಲ್ಲಿ.

ಇನ್ನು ಮರಳುವ ಮಾತು. ಕಥೆ ಹೇಳುವವರು ಹೆಚ್ಚಾಗಿ ಸ್ಫೋಟದ ಹತ್ತಿರ ನಿಲ್ಲಿಸುತ್ತಾರೆ. ಪೈಲಟ್‌ಗೆ ಅಲ್ಲಿ ಅರ್ಧ ಕೆಲಸವಷ್ಟೇ ಮುಗಿದಿರುತ್ತದೆ. ಹೋಗುವಾಗ ಗುರಿ ಒಂದು ಊರು. ಅದು ನಕಾಶೆಯಲ್ಲಿದೆ, ಅದರ ತೋಪುಗಳ ಬೆಳಕೇ ಐವತ್ತು ಮೈಲಿಯಿಂದ ಕಾಣುತ್ತದೆ. ಮರಳುವಾಗ ಹುಡುಕಬೇಕಾದದ್ದು ದೀಪವಾರಿಸಿಕೊಂಡು ಓಡುತ್ತಿರುವ ಒಂದು ಹಡಗು. ನಕಾಶೆಯಲ್ಲಿ ಅದಕ್ಕೆ ಜಾಗವಿಲ್ಲ, ಇಂಧನ ಮುಗಿಯುತ್ತ ಬಂದಿದೆ, ಕೆಳಗೆ ನೀರು. ಇಲ್ಲಸ್ಟ್ರಿಯಸ್‌ನಲ್ಲಿ ತಿರುಗುತ್ತ ರೇಡಿಯೊ ಸಂಕೇತ ಬೀರುವ ಒಂದು ಬೀಕನ್ ಇತ್ತು. ಅದರ ಅಕ್ಷರಗಳನ್ನು ಕಿವಿಗಿಟ್ಟುಕೊಂಡು ಅಬ್ಸರ್ವರ್ ದಿಕ್ಕು ಹೇಳುತ್ತಿದ್ದ. ಡೆಕ್ ಮೇಲೆ ಒಬ್ಬ ಅಧಿಕಾರಿ ಎರಡು ಕೈಯಲ್ಲಿ ಬೆಳಕಿನ ಕೋಲು ಹಿಡಿದು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಂದು ತೋರಿಸುತ್ತಿದ್ದ. ಬೆಳಗಿನ ಜಾವ 3 ಗಂಟೆಯೊಳಗೆ ಮರಳಬೇಕಾದ ಎಲ್ಲ ವಿಮಾನಗಳೂ ಇಳಿದವು, ಒಂದೂ ಸಮುದ್ರಕ್ಕೆ ಬೀಳಲಿಲ್ಲ. ಟಾರ್ಪಿಡೊ ತಾಗಿದ್ದಕ್ಕಿಂತ ಇದು ಹೆಚ್ಚಿನ ಸಾಧನೆ ಎಂದು ನಾನು ಹೇಳಿದರೆ ಒಪ್ಪದವರಿರಬಹುದು. ಅವರಿಗೆ 1944ರ ಉದಾಹರಣೆ ಕೊಡುತ್ತೇನೆ.

1944ರ ಜೂನ್ 20, ಫಿಲಿಪೀನ್ ಸಮುದ್ರ. ಜಪಾನಿನ ನೌಕಾಪಡೆ ಎಲ್ಲಿದೆಯೆಂದು ಅಮೆರಿಕದವರಿಗೆ ಗೊತ್ತಾದದ್ದು ಇಳಿಹೊತ್ತಿನಲ್ಲಿ. ಹೊರಟರೆ ಮರಳುವಾಗ ರಾತ್ರಿಯಾಗುತ್ತದೆ, ಬಹುಪಾಲು ಪೈಲಟ್‌ಗಳಿಗೆ ರಾತ್ರಿ ಇಳಿಯುವ ಅಭ್ಯಾಸವಿಲ್ಲ. ಆದರೂ ಅಡ್ಮಿರಲ್ ಮಿಶರ್ ಇನ್ನೂರಕ್ಕೂ ಹೆಚ್ಚು ವಿಮಾನಗಳನ್ನು ಕಳುಹಿಸಿದ. ದಾಳಿಯಲ್ಲಿ ಕಳೆದುಕೊಂಡದ್ದು ಇಪ್ಪತ್ತರಷ್ಟು. ಮರಳುವಾಗ ಇಂಧನ ತೀರಿ ನೀರಿಗೆ ಬಿದ್ದು, ಡೆಕ್ ಮೇಲೆ ಅಪ್ಪಳಿಸಿ ಹೋದದ್ದು ಎಂಬತ್ತರಷ್ಟು! ಜಲಾಂತರ್ಗಾಮಿಗಳ ಭಯವನ್ನೂ ಲೆಕ್ಕಿಸದೆ ಮಿಶರ್ ಇಡೀ ನೌಕಾಪಡೆಯ ದೀಪ ಹಚ್ಚಿಸಿದ, ಸರ್ಚ್‌ಲೈಟುಗಳನ್ನು ಆಕಾಶಕ್ಕೆ ಬಿಡಿಸಿದ. ಪೈಲಟ್‌ಗಳು ಯಾವ ಡೆಕ್ ಮೊದಲು ಕಂಡಿತೋ ಅದರ ಮೇಲೆ ಇಳಿದರು. ನೀರಿಗೆ ಬಿದ್ದವರಲ್ಲಿ ಹೆಚ್ಚಿನವರನ್ನು ಎತ್ತಿಕೊಂಡದ್ದು ಸಮಾಧಾನ. ಜಪಾನೀಯರು ಕೆಡವಿದ್ದಕ್ಕಿಂತ ನಾಲ್ಕು ಪಟ್ಟು ವಿಮಾನಗಳನ್ನು ಆ ರಾತ್ರಿ ಕತ್ತಲು ಕೆಡವಿತು.

ಅದೇ ವರ್ಷದ ಫೆಬ್ರವರಿಯಲ್ಲಿ, ಅದೇ ಅಮೆರಿಕದ ನೌಕಾಪಡೆಯಲ್ಲಿ, ರಾತ್ರಿಗೆಂದೇ ಪಳಗಿದ ಒಂದು ತಂಡ ಏನು ಮಾಡಿತು ನೋಡಿ. ಎಂಟರ್‌ಪ್ರೈಸ್ ನೌಕೆಯ ಹನ್ನೆರಡು ಅವೆಂಜರ್ ವಿಮಾನಗಳು ಜಪಾನಿನ ಟ್ರುಕ್ ನೆಲೆಯ ಮೇಲೆ ರೇಡಾರ್ ನೋಡಿಕೊಂಡು ದಾಳಿ ಮಾಡಿದವು. ಫ್ಲೇರ್ ಇಲ್ಲ, ಬೆಳದಿಂಗಳ ಹಂಗಿಲ್ಲ; ಪರದೆಯ ಮೇಲಿನ ಚುಕ್ಕೆಯನ್ನು ಹಿಂಬಾಲಿಸಿ, ತೀರ ಕೆಳಗೆ ಹಾರಿ, ಹಡಗಿನ ಮೇಲೆ ಬಾಂಬು. ಹನ್ನೆರಡರಲ್ಲಿ ಹನ್ನೊಂದು ಮರಳಿದವು. ಇದರ ಹಿಂದೆ ವಿಲಿಯಂ ಮಾರ್ಟಿನ್ ಎಂಬ ಅಧಿಕಾರಿಯ ತಿಂಗಳುಗಳ ತರಬೇತಿಯಿತ್ತು, ಮೇಲಧಿಕಾರಿಗಳ ಬೆನ್ನುಬಿಡದ ಅವನ ಹಟವಿತ್ತು. ನೌಕೆಯಲ್ಲಿ ರಾತ್ರಿ ತಂಡ ಇಟ್ಟುಕೊಳ್ಳುವುದು ಆಗ ಯಾರಿಗೂ ಇಷ್ಟವಿರಲಿಲ್ಲ. ಕಾರಣವೂ ನ್ಯಾಯವಾದದ್ದೇ. ಹಗಲೆಲ್ಲ ವಿಮಾನ ಹಾರಿಸಿದ ಡೆಕ್ ಸಿಬ್ಬಂದಿ ರಾತ್ರಿ ನಿದ್ದೆ ಮಾಡುವುದು ಯಾವಾಗ? ಕೊನೆಗೆ ಕೆಲವು ನೌಕೆಗಳನ್ನೇ ರಾತ್ರಿಪಾಳಿಗೆ ಮೀಸಲಿಟ್ಟರು.

ಇಲ್ಲಸ್ಟ್ರಿಯಸ್‌ಗೆ ಹಗಲು ಏನು ಮಾಡಿತು ಎಂಬುದನ್ನೂ ಹೇಳಿಬಿಡುತ್ತೇನೆ. ತರಾಂತೊ ಆಗಿ ಎರಡು ತಿಂಗಳು, 1941ರ ಜನವರಿ 10ರ ನಡುಹಗಲು, ಜರ್ಮನಿಯ ಸ್ಟುಕಾ ಬಾಂಬರುಗಳು ಅದನ್ನು ಮುತ್ತಿದವು. ಆರು ಬಾಂಬು ಬಿದ್ದು, ನೂರಕ್ಕೂ ಹೆಚ್ಚು ಜನ ಸತ್ತು, ಹೊಗೆಯುಗುಳುತ್ತ ಮಾಲ್ಟಾ ಸೇರಿತು. ದುರಸ್ತಿಗೆ ಅಮೆರಿಕದವರೆಗೂ ಹೋಗಬೇಕಾಯಿತು.

ಯುದ್ಧದ ನಂತರದ ಮೂವತ್ತು ವರ್ಷಗಳಲ್ಲಿ ನಡೆದದ್ದನ್ನೆಲ್ಲ ಹೇಳುತ್ತ ಕೂರುವುದಿಲ್ಲ. ಜೆಟ್ ವಿಮಾನಗಳು ಬಂದು ಇಳಿಯುವ ವೇಗ ಏರಿದಾಗ ಕೈಯಲ್ಲಿ ಕೋಲು ಹಿಡಿದು ನಿಂತವನ ಸನ್ನೆ ಸಾಲದಾಯಿತು. ಬ್ರಿಟಿಷ್ ನೌಕಾಪಡೆಯ ನಿಕೋಲಸ್ ಗುಡ್‌ಹಾರ್ಟ್ 1951ರಲ್ಲಿ ಕನ್ನಡಿ ಮತ್ತು ದೀಪಗಳ ಒಂದು ಉಪಾಯ ಹುಡುಕಿದ. ಪೈಲಟ್‌ಗೆ ನಡುವೆ ಒಂದು ಬೆಳಕಿನ ಉಂಡೆ, ಅದರ ಎರಡು ಬದಿಗೆ ಹಸಿರು ದೀಪಗಳ ಸಾಲು ಕಾಣುತ್ತದೆ. ಉಂಡೆ ಸಾಲಿಗಿಂತ ಮೇಲಿದ್ದರೆ ವಿಮಾನ ಎತ್ತರದಲ್ಲಿದೆ, ಕೆಳಗಿಳಿದರೆ ಅಪಾಯ. ಕತ್ತಲಲ್ಲಿ ಸಮುದ್ರವಿಲ್ಲ, ಆಕಾಶವಿಲ್ಲ, ದಿಗಂತವಿಲ್ಲ. ಪೈಲಟ್‌ನ ಪ್ರಪಂಚ ಆ ಉಂಡೆ ಮತ್ತು ಆ ಸಾಲು ಇಷ್ಟೇ. ಗಂಟೆಗೆ 240 ಕಿಲೋಮೀಟರ್ ವೇಗದಲ್ಲಿ ಬಂದು, ಬಾಲದ ಕೊಕ್ಕೆಯನ್ನು ಡೆಕ್ ಮೇಲಿನ ಉಕ್ಕಿನ ಹಗ್ಗಕ್ಕೆ ಸಿಕ್ಕಿಸಿ, ನೂರು ಮೀಟರಿನೊಳಗೆ ನಿಲ್ಲಬೇಕು. ಗಾಲಿ ಡೆಕ್ ಮುಟ್ಟಿದ ಕ್ಷಣ ಎಂಜಿನ್ನನ್ನು ನಿಧಾನಿಸುವುದಿಲ್ಲ, ಪೂರ್ತಿ ಬಲಕ್ಕೆ ಏರಿಸುತ್ತಾನೆ! ಕೊಕ್ಕೆ ತಪ್ಪಿದರೆ ಮತ್ತೆ ಹಾರಿಹೋಗಲು ಬಲ ಬೇಕಲ್ಲ.

ಈ ಏರ್ಪಾಡು ಗಟ್ಟಿಯಾದ ಮೇಲೆ ರಾತ್ರಿ ದಾಳಿಗೆಂದೇ ವಿಮಾನ ಕಟ್ಟುವ ಧೈರ್ಯ ಬಂತು. ಅಮೆರಿಕದ ಎ-6 ಇಂಟ್ರೂಡರ್ ಅಂಥದು. ಇಬ್ಬರು ಅಕ್ಕಪಕ್ಕ ಕೂರುತ್ತಾರೆ, ಒಬ್ಬ ಹಾರಿಸುತ್ತಾನೆ, ಇನ್ನೊಬ್ಬ ರೇಡಾರ್ ಪರದೆಯಲ್ಲಿ ಮುಖ ಹುದುಗಿಸಿ ದಾರಿ ಮತ್ತು ಗುರಿ ಹೇಳುತ್ತಾನೆ. ವಿಯೆಟ್ನಾಂ ಯುದ್ಧದಲ್ಲಿ, 1966ರ ಏಪ್ರಿಲ್‌ನ ಒಂದು ರಾತ್ರಿ, ಕಿಟ್ಟಿ ಹಾಕ್ ನೌಕೆಯಿಂದ ಹೋದ ಎರಡೇ ಇಂಟ್ರೂಡರ್‌ಗಳು ಉವೊಂಗ್ ಬೀ ವಿದ್ಯುತ್ ಸ್ಥಾವರದ ಮೇಲೆ ತಲಾ ಹದಿಮೂರು ಭಾರೀ ಬಾಂಬು ಹಾಕಿದವು. ಬಂದದ್ದು ಬಿ-52 ದೈತ್ಯ ಬಾಂಬರುಗಳೇ ಎಂದು ಉತ್ತರ ವಿಯೆಟ್ನಾಂ ದೂರಿತು. ತರಾಂತೊದಲ್ಲಿ ಕತ್ತಲು ನಿಧಾನದ ವಿಮಾನವನ್ನು ಕಾಪಾಡಿತ್ತು. ಇಲ್ಲಿ ಎರಡು ವಿಮಾನವನ್ನು ಒಂದು ದಂಡಿನಂತೆ ತೋರಿಸಿತು. ಜೊತೆಗೆ ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಪರದೆಯ ಮೇಲೆ ಕಟ್ಟಡ ಚುಕ್ಕೆಯಾಗಿ ಕಾಣುತ್ತದೆ, ಕಟ್ಟಡದೊಳಗೆ ಯಾರಿದ್ದಾರೆ ಎಂಬುದು ಕಾಣುವುದಿಲ್ಲ.

ನಮ್ಮ ಕಡೆಗೆ ಬರೋಣ. 1971ರಲ್ಲಿ ಹಳೆಯ ವಿಕ್ರಾಂತ್ ಬಂಗಾಳ ಕೊಲ್ಲಿಯಲ್ಲಿತ್ತು. ಅದರ ಒಂದು ಬಾಯ್ಲರ್ ಬಿರುಕು ಬಿಟ್ಟು ವೇಗ ಕುಂದಿತ್ತು. ವೇಗ ಕುಂದಿದರೆ ಡೆಕ್ ಮೇಲೆ ಎದುರುಗಾಳಿ ಕಡಿಮೆ, ಎದುರುಗಾಳಿ ಕಡಿಮೆಯಾದರೆ ವಿಮಾನ ಎತ್ತುವುದು ಕಷ್ಟ. ಡಿಸೆಂಬರ್ 4ರಿಂದ ಸೀ ಹಾಕ್ ಜೆಟ್‌ಗಳು ಹಗಲಿನಲ್ಲಿ ಕಾಕ್ಸ್ ಬಜಾರ್, ಚಿತ್ತಗಾಂಗ್ ಕಡೆಗೆ ಹೋದವು. ಅವುಗಳಿಗೆ ರೇಡಾರ್ ಇರಲಿಲ್ಲ. ರೇಡಾರ್ ಹೊತ್ತ, ಮೂವರು ಕೂರುವ ಆಲಿಜೆ ವಿಮಾನಗಳಿಗೆ ರಾತ್ರಿಯ ಪಾಳಿ. ವೇಗದಲ್ಲಿ ಸೀ ಹಾಕ್‌ಗೆ ಸರಿಸಾಟಿಯಲ್ಲದ ಆಲಿಜೆ ಕತ್ತಲಲ್ಲಿ ಅದಕ್ಕಿಂತ ಹೆಚ್ಚು ಉಪಯುಕ್ತವಾಗಿತ್ತು. ಸ್ವೋರ್ಡ್‌ಫಿಶ್‌ನ ಕಥೆಯೇ ಮೂವತ್ತು ವರ್ಷದ ನಂತರ ಮರುಕಳಿಸಿದಂತೆ. ಅದೇ ಡಿಸೆಂಬರ್ 4ರ ರಾತ್ರಿ ಪಶ್ಚಿಮದಲ್ಲಿ ನಮ್ಮ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ಎರಗಿದವು. ಅಲ್ಲಿ ವಿಮಾನವಾಹಕ ನೌಕೆಯಿರಲಿಲ್ಲ, ಆದರೆ ಲೆಕ್ಕ ಒಂದೇ: ಹಗಲು ದೂರವಿರು, ರಾತ್ರಿ ಒಳನುಗ್ಗು, ಬೆಳಗಾಗುವುದರೊಳಗೆ ವಿಮಾನಗಳ ಕೈಗೆ ಸಿಗದಷ್ಟು ದೂರ ಓಡು.

ಬೆಂಗಳೂರಿನಲ್ಲಿ ವಿನ್ಯಾಸಗೊಂಡ ನೌಕಾ ತೇಜಸ್ 2019ರ ನವೆಂಬರ್ 12ರಂದು ಗೋವಾದ ಹಂಸ ನೆಲೆಯಲ್ಲಿ, ನೆಲದ ಮೇಲೆ ಕಟ್ಟಿದ ಡೆಕ್‌ನ ಪ್ರತಿರೂಪದ ಮೇಲೆ, ಮೊದಲ ಬಾರಿಗೆ ರಾತ್ರಿ ಕೊಕ್ಕೆ ಹಾಕಿ ಇಳಿಯಿತು. ಎರಡು ತಿಂಗಳ ಬಳಿಕ, 2020ರ ಜನವರಿ 11ರಂದು, ಹಗಲಿನಲ್ಲಿ ವಿಕ್ರಮಾದಿತ್ಯದ ಮೇಲೆ ಇಳಿಯಿತು. ಹೊಸ ವಿಕ್ರಾಂತ್ ಮೇಲೆ 2023ರ ಫೆಬ್ರವರಿಯಲ್ಲಿ ಹಗಲಿನ ಇಳಿತ ಆಯಿತು, ಮಿಗ್-29ಕೆ ರಾತ್ರಿ ಇಳಿದದ್ದು ಮೇ ತಿಂಗಳಲ್ಲಿ. ಪತ್ರಿಕೆಗಳಲ್ಲಿ ಹಗಲಿನ ಇಳಿತಕ್ಕೆ ಸಿಕ್ಕ ಜಾಗ ರಾತ್ರಿಯದಕ್ಕೆ ಸಿಗಲಿಲ್ಲ, ಚಿತ್ರದಲ್ಲಿ ಕಾಣುವುದು ಕಡಿಮೆ ಎಂಬ ಕಾರಣಕ್ಕೋ ಏನೋ. ಒಂದು ನೌಕೆ ದಿನದ 24 ಗಂಟೆಯೂ ಯುದ್ಧನೌಕೆಯಾಗುವುದು ಆ ಎರಡನೆಯ ಇಳಿತದ ನಂತರ.

ಸಭಿಕರೊಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು. ತರಾಂತೊವನ್ನು ನೋಡಿಯೇ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು ಎನ್ನುತ್ತಾರಲ್ಲ, ಹಾಗಾದರೆ ಅವರು ಹಗಲನ್ನು ಏಕೆ ಆರಿಸಿಕೊಂಡರು? ಬರ್ಲಿನ್ನಿನಲ್ಲಿದ್ದ ಜಪಾನಿನ ನೌಕಾ ಅಧಿಕಾರಿ ನೈತೊ ತರಾಂತೊಗೆ ಹೋಗಿ ನೋಡಿದ್ದೂ, ಆಮೇಲೆ ದಾಳಿಯ ನಾಯಕ ಫುಚಿಡಾನ ಜೊತೆ ಮಾತಾಡಿದ್ದೂ ನಿಜ. ಆದರೆ ಕಡಿಮೆ ಆಳದ ಟಾರ್ಪಿಡೊ ಅಭ್ಯಾಸವನ್ನು ಜಪಾನೀಯರು ಮೊದಲೇ ತಮ್ಮ ಪಾಡಿಗೆ ನಡೆಸಿದ್ದರು. ಹಗಲಿನ ಆಯ್ಕೆಗೆ ಕಾರಣ ಸಂಖ್ಯೆ. ಆರು ನೌಕೆಗಳಿಂದ 350ಕ್ಕೂ ಹೆಚ್ಚು ವಿಮಾನಗಳು. ಕತ್ತಲಲ್ಲಿ ಅಷ್ಟನ್ನು ಆಕಾಶದಲ್ಲಿ ಸಾಲುಗೂಡಿಸಲು ಹೋದರೆ ಅವು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ತರಾಂತೊದಲ್ಲಿ ಹನ್ನೆರಡರಲ್ಲೇ ನಾಲ್ಕು ದಾರಿ ತಪ್ಪಿದ್ದವಲ್ಲ. ಅವರೂ ರಾತ್ರಿಯನ್ನು ಬಿಟ್ಟುಕೊಡಲಿಲ್ಲ. ಪರ್ಲ್ ಹಾರ್ಬರ್ ಇರುವ ಓಆಹು ದ್ವೀಪದ ಉತ್ತರಕ್ಕೆ ನೌಕೆಗಳು ಕೊನೆಯ ಓಟ ಓಡಿದ್ದು ರಾತ್ರಿಯಲ್ಲೇ, ಮೊದಲ ವಿಮಾನ ಎದ್ದದ್ದು ಸೂರ್ಯೋದಯಕ್ಕೆ ಮುಂಚೆ. ಹೋಗುವುದಕ್ಕೆ ಕತ್ತಲು, ಮರಳಿ ಇಳಿಯುವುದಕ್ಕೆ ಬೆಳಕು ಎಂದು ಅವರು ಹಂಚಿಕೊಂಡರು.

ಇನ್ನೊಬ್ಬರ ಪ್ರಶ್ನೆ: ಉಪಗ್ರಹ, ಉಷ್ಣ ಕ್ಯಾಮರಾ, ಡ್ರೋನ್ ಇರುವ ಕಾಲದಲ್ಲಿ ಕತ್ತಲೆಗೆ ಏನು ಬೆಲೆ? ಮೊದಲಿನ ಬೆಲೆ ಇಲ್ಲ. ರೇಡಾರ್ ಉಪಗ್ರಹಕ್ಕೆ ಹಗಲು ರಾತ್ರಿ ಒಂದೇ, ಎಂಜಿನ್ನಿನ ಬಿಸಿ ಕತ್ತಲಲ್ಲೂ ಹೊಳೆಯುತ್ತದೆ. ಆದರೂ 2001ರ ಅಕ್ಟೋಬರ್ 7ರ ರಾತ್ರಿ ಅಫ್ಘಾನಿಸ್ತಾನದ ಮೇಲಿನ ಮೊದಲ ದಾಳಿಗೆ ಅರಬ್ಬೀ ಸಮುದ್ರದ ನೌಕೆಗಳಿಂದ ವಿಮಾನಗಳು ಎದ್ದದ್ದು ಕತ್ತಲಲ್ಲೇ. ಎದುರಾಳಿಗೆ ರಾತ್ರಿ ನೋಡುವ ಸಾಧನ ಕಡಿಮೆಯಿದ್ದು ನಮಗೆ ಹೆಚ್ಚಿದ್ದರೆ ರಾತ್ರಿ ನಮ್ಮ ಕಡೆ, ಇಬ್ಬರಿಗೂ ಸಮವಿದ್ದರೆ ಯಾರ ಕಡೆಯೂ ಇಲ್ಲ. 2025ರಲ್ಲಿ ನಾವು ಕೊಳ್ಳಲು ಒಪ್ಪಂದ ಮಾಡಿಕೊಂಡ 26 ನೌಕಾ ರಫೇಲ್‌ಗಳಲ್ಲಿ ರಾತ್ರಿಯ ಉಪಕರಣಗಳು ಬೇಕಾದಷ್ಟಿವೆ. ಅವುಗಳ ಪೈಲಟ್‌ಗಳೂ, ಡೆಕ್ ಸಿಬ್ಬಂದಿಯೂ ಅಮಾವಾಸ್ಯೆಯ ರಾತ್ರಿ ಓಲಾಡುವ ಡೆಕ್ ಮೇಲೆ ಹಾರಿ ಇಳಿದು ಕೈ ಪಳಗಿಸಿಕೊಳ್ಳಲು ವರ್ಷಗಳು ಬೇಕು. ಒಪ್ಪಂದದ ಸಾವಿರಾರು ಕೋಟಿ ರೂಪಾಯಿಯ ಬಗ್ಗೆ ನಡೆಯುವ ಚರ್ಚೆಯಲ್ಲಿ ಆ ವರ್ಷಗಳ ಇಂಧನದ ವೆಚ್ಚವನ್ನು ಯಾರೂ ಕೇಳುತ್ತಿಲ್ಲ. ಪ್ರಶ್ನೆ ಕೇಳುವುದಾದರೆ ನಾನು ಅದನ್ನೇ ಕೇಳುತ್ತೇನೆ.